ತೆಗೆದುಹಾಕುವುದೇ, ತೆಗೆದು ಹಾಕುವುದೇ? ಎಟಿವಿಯ ಹಿಂದಿನ ಅಚ್ಚಿನ ಬಗ್ಗೆ ಒಂದು ಪ್ರಶ್ನೆ

ಉಡುಪಿಯಿಂದ ಎಲ್ಲರಿಗೂ ನಮಸ್ಕಾರ. ಮಲ್ಪೆಯ ಮರಳಿನ ಮೇಲೆ ಪ್ರವಾಸಿಗರು ಓಡಿಸುವ ಎಟಿವಿಯನ್ನು ನೀವು ನೋಡಿರಬಹುದು. ಇಲ್ಲಿನವರ ಬಾಯಲ್ಲಿ ಅದು ನಾಲ್ಕು ಚಕ್ರದ ಬೈಕು. ಉಪ್ಪುನೀರೂ ಮರಳೂ ಸೇರಿ ಅದರ ಹಿಂದಿನ ಬೇರಿಂಗನ್ನು ಬೇಗ ತಿಂದುಬಿಡುತ್ತವೆ. ಬೇರಿಂಗ್ ಹಾಳಾದರೆ ಅಚ್ಚನ್ನೇ, ಅಂದರೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳನ್ನೇ, ಹೊರಗೆಳೆಯಬೇಕು. ಆ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ ನಾಲ್ಕು ಪುಟ ಕನ್ನಡದಲ್ಲಿ ಬರೆದುಕೊಡಲು ಹೊರಟು, ತಲೆಬರಹದಲ್ಲೇ ಎಡವಿದೆ.

ಇಂಗ್ಲಿಷ್ ಕೈಪಿಡಿಯಲ್ಲಿದ್ದದ್ದು ‘ರಿಮೂವ್’ ಮತ್ತು ‘ರಿಪ್ಲೇಸ್’. ನಾನು ಬರೆದದ್ದು ‘ಹಿಂದಿನ ಅಚ್ಚನ್ನು ತೆಗೆದುಹಾಕಿ ಬದಲಾಯಿಸುವುದು’. ಅದನ್ನು ಓದಿದ ಮೆಕ್ಯಾನಿಕ್ ಒಬ್ಬರು ತುಳುವಿನಲ್ಲಿ ಕೇಳಿದರು: "ಪಿರ ಪಾಡೊಡಾ, ಪೊಸತ್ ಪಾಡೊಡಾ?" ಇದ್ದದ್ದನ್ನೇ ವಾಪಸು ಹಾಕಬೇಕೋ, ಹೊಸತು ಹಾಕಬೇಕೋ ಎಂದು. ಕೈಪಿಡಿಯವರ ಮನಸ್ಸಿನಲ್ಲಿದ್ದದ್ದು ಮೊದಲನೆಯದು. ಇಂಗ್ಲಿಷಿನ ‘ರಿಪ್ಲೇಸ್’ ಪದಕ್ಕೆ ‘ಇದ್ದ ಜಾಗಕ್ಕೆ ಮರಳಿಸು’ ಎಂಬ ಅರ್ಥವೂ ಇದೆ, ‘ಬೇರೆಯದನ್ನು ಹಾಕು’ ಎಂಬ ಅರ್ಥವೂ ಇದೆ. ನನ್ನ ಕನ್ನಡ ಎರಡನೆಯದನ್ನು ಮಾತ್ರ ಹೇಳಿತ್ತು. ಅದನ್ನು ನಂಬಿ ಯಾರಾದರೂ ಸರಿಯಾಗಿಯೇ ಇರುವ ಅಚ್ಚನ್ನು ಗುಜರಿಗೆ ಹಾಕಿ ಹೊಸದಕ್ಕೆ ದುಡ್ಡು ಸುರಿದಿದ್ದರೆ ಆ ಹೊಣೆ ನನ್ನದೇ ಆಗುತ್ತಿತ್ತು.

‘ತೆಗೆದುಹಾಕು’ ಎಂಬುದನ್ನು ನೋಡಿ. ಒಟ್ಟಿಗೆ ಬರೆದರೆ ಇಲ್ಲವಾಗಿಸು, ಕಿತ್ತೆಸೆ. ಕೆಲಸದಿಂದ ತೆಗೆದುಹಾಕಿದರು ಎನ್ನುತ್ತೇವಲ್ಲ, ಹಾಗೆ. ಬಿಡಿಸಿ ಬರೆದರೆ ಒಮ್ಮೆ ತೆಗೆದು ಮತ್ತೆ ಹಾಕು. ಅಂಗಡಿಯಲ್ಲಿ "ಒಮ್ಮೆ ತೆಗೆದು ಹಾಕಿ ನೋಡು" ಎಂದರೆ ಯಾರೂ ಏನನ್ನೂ ಎಸೆಯುವುದಿಲ್ಲ. ಮಾತಿನಲ್ಲಿ ನಡುವೆ ಒಂದು ಉಸಿರಿನ ತಡೆ ಬಂದು ಅರ್ಥವನ್ನು ಕಾಯುತ್ತದೆ. ಬರಹದಲ್ಲಿ ಅಷ್ಟೂ ಭಾರವನ್ನು ಒಂದು ಖಾಲಿ ಜಾಗದ ಮೇಲೆ ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಈಗ ‘ಬಿಚ್ಚಿ ಮರಳಿ ಕೂರಿಸುವುದು’ ಎಂದು ತಿದ್ದಿದ್ದೇನೆ. ಹೊಸತನ್ನು ಹಾಕುವ ಕಡೆ ಮಾತ್ರ ‘ಬದಲಾಯಿಸಿ’. ತುಳುವಿನ ‘ಪಿರ’ದಷ್ಟು ಚಿಕ್ಕದಾಗಿ, ಚುರುಕಾಗಿ ಇದನ್ನು ಹೇಳುವ ಕನ್ನಡ ನುಡಿ ನಿಮ್ಮ ಕಡೆ ಇದೆಯೇ? ಕುಂದಾಪುರದವರು, ಶಿರಸಿಯವರು ದಯವಿಟ್ಟು ಹೇಳಿ.

ಇನ್ನು ನಾಮಪದ. ಗ್ಯಾರೇಜಿನಲ್ಲಿ ಆ ಸರಳು ‘ಎಕ್ಸೆಲ್’. "ಎಕ್ಸೆಲ್ ಕಟ್ಟಾಯ್ತು" ಎಂದರೆ ಮಂಗಳೂರಿನಿಂದ ಬೈಂದೂರಿನವರೆಗೆ ಎಲ್ಲರಿಗೂ ತಿಳಿಯುತ್ತದೆ. ಪಠ್ಯಪುಸ್ತಕದ ‘ಅಕ್ಷ’ವನ್ನು ನಾನು ಒಪ್ಪಲಾರೆ. ಶಾಲೆಯಲ್ಲಿ ಕಲಿತ ಭೂಮಿಯ ಅಕ್ಷ ಒಂದು ಕಲ್ಪಿತ ರೇಖೆ. ಅದಕ್ಕೆ ಗ್ರೀಸ್ ಹಚ್ಚಲಾಗುವುದಿಲ್ಲ. ‘ಇರುಸು’ ಒಳ್ಳೆಯ ಹಳೆಯ ಪದ, ಆದರೆ ನಾನು ಕೇಳಿದ ಹುಡುಗರಿಗೆ ಅದರಿಂದ ನೆನಪಾದದ್ದು ಇರುಸುಮುರುಸು ಮಾತ್ರ. ‘ಅಚ್ಚು’ ಎಂದರೆ ಮಂಗಳೂರಿನವರಿಗೆ ಮೊದಲು ಹೊಳೆಯುವುದು ಮುದ್ರಣ. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟ ಊರು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದ ಊರು. ಆದರೂ ನನ್ನ ಮತ ಅಚ್ಚಿಗೇ, ಯಾಕೆಂದರೆ ತೇರಿನ ವಿಷಯದಲ್ಲಿ ಆ ಪದ ಇನ್ನೂ ಜೀವಂತವಾಗಿದೆ. ರಥಬೀದಿಯ ಪಕ್ಕ ಬೆಳೆದ ಯಾರಿಗೂ ‘ರಥದ ಅಚ್ಚು’ ಎಂದರೆ ವಿವರಿಸಬೇಕಾಗಿಲ್ಲ.

ಒಂದು ತೊಡಕಿದೆ. ತೇರಿನಲ್ಲಿ, ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ಅದರ ಮೇಲೆ ತಿರುಗುತ್ತದೆ. ಚೈನಿನಿಂದ ಓಡುವ ಎಟಿವಿಯಲ್ಲಿ ಹಾಗಲ್ಲ. ಹಿಂದೆ ಇರುವುದು ಒಂದೇ ಉದ್ದ ಸರಳು. ಅದರ ಮೇಲೆ ಚೈನಿನ ಹಲ್ಲುಗಾಲಿ, ಬ್ರೇಕಿನ ಡಿಸ್ಕು, ಎರಡು ತುದಿಗೆ ಎರಡು ಚಕ್ರ. ಸರಳು ತಿರುಗಿದರೆ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ಹೀಗೆ ತಾನೇ ತಿರುಗುವುದನ್ನೂ ಅಚ್ಚು ಎನ್ನಬಹುದೇ? ನಾನು ಮೊದಲ ಸಲ ಬಂದಲ್ಲಿ ‘ತಿರುಗಚ್ಚು’ ಎಂದು ಬರೆದು, ಆಮೇಲೆ ಬರಿಯ ಅಚ್ಚು ಎಂದು ಮುಂದುವರಿಸಿದ್ದೇನೆ. ಒಪ್ಪದವರು ಕಾರಣ ಹೇಳಿ, ತಿದ್ದಿಕೊಳ್ಳುತ್ತೇನೆ.

ಪದಗಳು ಸರಿಯಾಗಿ ಕೂತವೇ ಎಂದು ನೋಡಲು ಬರಹದ ಒಂದು ತುಣುಕು (ಇದರಲ್ಲಿ ಕಡೆಗೀಲು ಎಂದರೆ ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್, ಗುಂಬ ಎಂದರೆ ಚಕ್ರದ ನಡುವಿನ ಹಬ್, ಮರೆ ಎಂದರೆ ನಟ್ಟು ಕೂರುವ ಥ್ರೆಡ್): ‘ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಗಾಡಿಯನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ; ಬರಿಯ ಜಾಕನ್ನು ನಂಬಬೇಡಿ. ಚಕ್ರ ಕಳಚಿ. ಅಚ್ಚಿನ ತುದಿಯ ಕಡೆಗೀಲನ್ನು ನೇರ ಮಾಡಿ ಎಳೆಯಿರಿ, ನಟ್ಟು ತೆಗೆದು ಗುಂಬವನ್ನು ಜಾರಿಸಿ. ಬ್ರೇಕಿನ ಕ್ಯಾಲಿಪರನ್ನು ಅದರ ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಿಂದ ಕಟ್ಟಿಡಿ. ಚೈನು ಸಡಿಲಿಸಿ ಹಲ್ಲುಗಾಲಿಯಿಂದ ಇಳಿಸಿ. ಅಚ್ಚನ್ನು ಬಿಗಿಹಿಡಿದ ದೊಡ್ಡ ನಟ್ಟುಗಳನ್ನು ಬಿಚ್ಚಿ. ತುದಿಯ ಮರೆ ಹಾಳಾಗದಂತೆ ಅಲ್ಲಿಗೆ ಹಳೆಯ ನಟ್ಟೊಂದನ್ನು ತಿರುಗಿಸಿ, ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಅಚ್ಚನ್ನು ಹೊರಗೆ ಬರಿಸಿ. ಮರಳಿ ಕೂರಿಸುವಾಗ ಕೀಲೆಣ್ಣೆ ಹಚ್ಚಿ. ಕಡೆಗೀಲನ್ನು ಮಾತ್ರ ಬದಲಾಯಿಸಿ.’

ಈ ಕೊನೆಯ ಸಾಲಿಗಾಗಿಯೇ ನಾನು ಇಷ್ಟು ಹಟ ಹಿಡಿದದ್ದು. ಒಮ್ಮೆ ಬಾಗಿಸಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ನೇರ ಮಾಡಿ ಬಾಗಿಸಿದರೆ ಅದು ಸೋತು ತುಂಡಾಗಬಹುದು, ನಟ್ಟು ಕಳಚಬಹುದು, ಓಡುವಾಗಲೇ ಚಕ್ರ ಹೋಗಬಹುದು. ಅಂದರೆ ಅಚ್ಚು ಹಳೆಯದೇ ಮರಳಬೇಕು, ಪಿನ್ನು ಹೊಸತೇ ಬರಬೇಕು. ಒಂದೇ ವಾಕ್ಯದಲ್ಲಿ ಎರಡೂ ಅರ್ಥ ಬೇಕಾದ ಕಡೆ ಎರಡಕ್ಕೂ ‘ಬದಲಾಯಿಸು’ ಎಂದರೆ ಜೀವಕ್ಕೇ ಅಪಾಯ. ಆ ಪಿನ್ನಿಗೆ ‘ಕಡೆಗೀಲು’ ಎಂದದ್ದು ನನ್ನ ಸ್ವಂತ ಹುಟ್ಟುವಳಿಯಲ್ಲ. ಕಡೆಗೀಲಿಲ್ಲದ ಬಂಡಿಯ ಗತಿಯನ್ನು ದೇವರ ದಾಸಿಮಯ್ಯ ಯಾವತ್ತೋ ಹೇಳಿದ್ದಾನೆ. ಬಂಡಿಯ ಅಚ್ಚಿನ ತುದಿಯಲ್ಲಿ ಗಾಲಿ ಜಾರದಂತೆ ತಡೆಯುವ ಮೊಳೆ ಅದು. ಇಲ್ಲಿ ಅದು ಗಾಲಿಯ ಬದಲು ನಟ್ಟನ್ನು ತಡೆಯುತ್ತದೆ, ಕೊನೆಗೆ ಕಾಯುವುದು ಗಾಲಿಯನ್ನೇ. ಇಷ್ಟು ಹತ್ತಿರದ ಪದ ಮನೆಯಲ್ಲಿರುವಾಗ ಬಳಸದೆ ಇರಲು ನನಗೆ ಮನಸ್ಸಾಗಲಿಲ್ಲ.

‘ಗುಂಬ’ದ ಬಗ್ಗೆ ನಿಮ್ಮನ್ನು ಕೇಳಲೇಬೇಕು. ಚಕ್ರದ ನಡುವಿನ ದಪ್ಪ ಭಾಗಕ್ಕೆ ಬಯಲುಸೀಮೆಯ ಗೆಳೆಯರಿಂದ ಕಲಿತ ಪದ ಅದು. ಕರಾವಳಿಯಲ್ಲಿ ತೇರು ಕಟ್ಟುವ ಆಚಾರಿಗಳು ಅದಕ್ಕೆ ಏನೆನ್ನುತ್ತಾರೆ? ಅವರ ಬಾಯಿಂದ ನೇರವಾಗಿ ಕೇಳಿದವರು ತಿಳಿಸಿದರೆ, ಹುಡುಗರ ಕೈಗೆ ಪುಟಗಳನ್ನು ಕೊಡುವ ಮೊದಲು ಅದೇ ಪದವನ್ನು ಹಾಕುತ್ತೇನೆ.