ಕಿವಿಯಲ್ಲಿ ಸದಾ ಕೀಂ ಸದ್ದು, ಹೊರಗಿನ ಸದ್ದೂ ತಡೆಯಲಾಗುತ್ತಿಲ್ಲ: ಮುಂಬೈಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಮುಲುಂಡ್_ಪೂರ್ವ

ನಮ್ಮ ಭಾವನಿಗೆ 43 ವರ್ಷ. ಐದು ತಿಂಗಳಿಂದ ಎರಡೂ ಕಿವಿಯಲ್ಲಿ ಕೀಂ ಎನ್ನುವ ಮೊರೆತ, ಎಡಗಡೆ ಹೆಚ್ಚು. ಈಗೀಗ ಸ್ಟೀಲ್ ಲೋಟ ಕೆಳಗಿಟ್ಟರೂ ಕಿವಿಗೆ ಚುಚ್ಚಿದ ಹಾಗಾಗುತ್ತದಂತೆ. ಇಎನ್‌ಟಿ ಡಾಕ್ಟರು ಗುಗ್ಗೆ ಇಲ್ಲ ಅಂದರು. ಬೀಟಾಹಿಸ್ಟಿನ್, ಗಿಂಕ್ಗೊ ಮಾತ್ರೆ ಕೊಟ್ಟು, ಆಡಿಯೋಮೆಟ್ರಿ (ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ) ಮತ್ತು ಎಂಆರ್‌ಐ ಬರೆದಿದ್ದಾರೆ. ಎಂಆರ್‌ಐ ಸದ್ದಿಗೆ ಹೆದರಿ ಹೋಗುತ್ತಿಲ್ಲ. ಹಗಲೂ ರಾತ್ರಿ ಕಿವಿಗೆ ಫೋಮ್ ಪ್ಲಗ್ ಹಾಕಿಕೊಂಡೇ ಇರುತ್ತಾರೆ. ಯಾವ ಪರೀಕ್ಷೆ ಮೊದಲು? ಹೆಚ್ಚು ಖರ್ಚಿಲ್ಲದೆ ಎಲ್ಲಿ ಆಗುತ್ತದೆ? ಗಣಪತಿ ಹಬ್ಬದಲ್ಲಿ ಪುಣೆಯ ಮನೆಗೆ ಹೋಗುವುದೂ ಇದೆ.

ಶ್ರವಣ_ಕೊಥ್ರೂಡ್

ಎಡಗಡೆ ಹೆಚ್ಚು ಅಂದಿದ್ದೀರಿ, ಎಂಆರ್‌ಐ ಬರೆದದ್ದು ಅದಕ್ಕೇ ಇರಬೇಕು. ಶ್ರವಣ ನರದ ಮೇಲೆ ಗಡ್ಡೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಮೊರೆತವೂ ಆಡಿಯೋಗ್ರಾಮೂ (ಆಡಿಯೋಮೆಟ್ರಿಯ ನಕ್ಷೆ) ಎರಡೂ ಕಡೆ ಸಮ ಇದ್ದವರಿಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ. ಹಾಗಾಗಿ ಮೊದಲು ಆಡಿಯೋಮೆಟ್ರಿ. ಕಾಯಬಾರದ ಸಂಗತಿ ಎರಡು. ಕೇಳಿಸುವುದು ಒಮ್ಮೆಲೇ ಕುಸಿದರೆ ಅದೇ ದಿನ ಇಎನ್‌ಟಿ ಹತ್ತಿರ ಹೋಗಬೇಕು, ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ ಕೊಟ್ಟರೇ ಪ್ರಯೋಜನ ಹೆಚ್ಚು. ಸದ್ದು ನಾಡಿಬಡಿತದ ತಾಳಕ್ಕೆ ಬರುತ್ತಿದ್ದರೆ ರಕ್ತನಾಳಗಳನ್ನೂ ನೋಡುವ ಸ್ಕ್ಯಾನ್ ಬೇಕು.

ಪರೀಕ್ಷೆಯ ಕೋಣೆಗೆ ಹೋಗುವ ಮುಂಚೆಯೇ ಹೇಳಿ: "ಇವರಿಗೆ ಸದ್ದು ತಡೆಯಲ್ಲ, ಅಕೌಸ್ಟಿಕ್ ರಿಫ್ಲೆಕ್ಸ್ ಬೇಡ." ಜೋರು ಸದ್ದಿಗೆ ಕಿವಿಯೊಳಗಿನ ಸ್ನಾಯು ಬಿಗಿಯುತ್ತದೆಯೇ ಅಂತ ನೋಡುವ ಪರೀಕ್ಷೆ ಅದು. ಪ್ಯೂರ್ ಟೋನ್ ಪರೀಕ್ಷೆ 250ರಿಂದ 8000 ಹರ್ಟ್ಸ್‌ವರೆಗೆ ಕೇಳಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ಸದ್ದನ್ನು ಹುಡುಕುವುದು, ತೊಂದರೆ ಕಡಿಮೆ. ಕಿವಿತಮಟೆ ಎಷ್ಟು ಅಲುಗುತ್ತದೆ ಅಂತ ನೋಡುವ ಟಿಂಪನೋಮೆಟ್ರಿಯಲ್ಲಿ ಕಿವಿಗೆ ಗಾಳಿಯ ಒತ್ತಡ ಕೊಡುತ್ತಾರೆ, ಅದೂ ಪರವಾಗಿಲ್ಲ. ಆದರೆ ಪ್ರೋಬ್ ಕಿವಿಯಲ್ಲಿರುವಾಗಲೇ ಅದೇ ಮೆಷಿನ್ ರಿಫ್ಲೆಕ್ಸ್ ಪರೀಕ್ಷೆಗೆ ಜಿಗಿಯುತ್ತದೆ. ಅದರ ಟೋನುಗಳು 80 ಡೆಸಿಬೆಲ್‌ನಿಂದ 100ರ ಮೇಲೂ ಹೋಗುತ್ತವೆ. ಆಟೊ ಮೋಡ್‌ನಲ್ಲಿದ್ದರೆ ಬೇಡ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಎಷ್ಟು ಸದ್ದಿಗೆ ಅಸಹನೆ ಶುರು ಅಂತ ನೋಡುವ ಎಲ್‌ಡಿಎಲ್ ಪರೀಕ್ಷೆಯನ್ನು ಕೆಳಗಿನಿಂದ ಸಣ್ಣ ಹೆಜ್ಜೆಯಲ್ಲಿ ಏರಿಸಬೇಕು, ಕೈ ಎತ್ತಿದ ಕೂಡಲೇ ನಿಲ್ಲಿಸಬೇಕು. ಸಾಮಾನ್ಯರಿಗೆ ಅದು 90-100ರ ಹತ್ತಿರ ಬರುತ್ತದೆ. ನೋವು ಜಾಸ್ತಿ ಇದ್ದರೆ ಮೊದಲ ದಿನ ಅದನ್ನು ಬಿಟ್ಟೇಬಿಡಿ, 14 ಪ್ರಶ್ನೆಗಳ ಹೈಪರಕ್ಯೂಸಿಸ್ (ಸದ್ದಿನ ಅಸಹನೆ) ಪ್ರಶ್ನಾವಳಿ ತುಂಬಿಸಿದರೂ ಸಾಕಷ್ಟು ತಿಳಿಯುತ್ತದೆ. ಮೊರೆತದ ಕಾಟ ಅಳೆಯಲು ಟಿಎಚ್‌ಐ ಅಂತ 25 ಪ್ರಶ್ನೆಗಳದ್ದು ಇನ್ನೊಂದು, ನೂರಕ್ಕೆ 58 ಅಥವಾ ಹೆಚ್ಚು ಬಂದರೆ ತೀವ್ರ. ಇವತ್ತೇ ತುಂಬಿಸಿ ಇಟ್ಟುಕೊಳ್ಳಿ, ಚಿಕಿತ್ಸೆಯಿಂದ ಏನಾದರೂ ಆಗುತ್ತಿದೆಯೇ ಅಂತ ಹೋಲಿಸಲು ಬೇರೆ ಅಳತೆ ಇರುವುದಿಲ್ಲ.

ಇನ್ನೊಂದು ವಿಷಯ ನಮ್ಮವರೆಲ್ಲ ಮರೆಯುತ್ತಾರೆ. ಮುಂಬೈ, ಪುಣೆಯಲ್ಲಿ ಸ್ಪೀಚ್ ಪರೀಕ್ಷೆಯ ಪದಗಳು ಹೆಚ್ಚಾಗಿ ಮರಾಠಿ, ಹಿಂದಿಯವು. ಭಾಷೆ ಪಳಗಿಲ್ಲದವರಿಗೆ ಕಿವಿ ಸರಿಯಿದ್ದರೂ ಅಂಕ ಕೆಳಗೆ ಬೀಳುತ್ತದೆ. ಭಾವನವರಿಗೆ ಚೆನ್ನಾಗಿ ಬರುವ ಭಾಷೆ ಯಾವುದು ಅಂತ ಮೊದಲೇ ಹೇಳಿ.

ಎಂಆರ್‌ಐ ಸದ್ದು 100 ಡೆಸಿಬೆಲ್ ದಾಟುವುದು ನಿಜ. ಫೋಮ್ ಪ್ಲಗ್, ಅದರ ಮೇಲೆ ಅವರ ಇಯರ್‌ಮಫ್, ಎರಡನ್ನೂ ಕೇಳಿ. ಎರಡು ಸೇರಿದರೆ ಕೂಡಿಸಿದಷ್ಟು ರಕ್ಷಣೆ ಸಿಗುವುದಿಲ್ಲ, ಒಂದಕ್ಕಿಂತ ಸುಮಾರು 5 ಡೆಸಿಬೆಲ್ ಹೆಚ್ಚು ಅಷ್ಟೆ. ಕಾರ್ಖಾನೆಯ ನೀಲಿ ಪ್ಲಗ್ ಒಯ್ಯಬೇಡಿ, ಡಿಟೆಕ್ಟರ್‌ಗೆ ಸಿಗಲಿ ಅಂತ ಕೆಲವದರೊಳಗೆ ಲೋಹ ಇಟ್ಟಿರುತ್ತಾರೆ. ಪ್ಲಗ್ಗನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಿ, ಉಬ್ಬುವವರೆಗೆ ಬೆರಳಲ್ಲಿ ಹಿಡಿಯಬೇಕು. ಅರ್ಧ ಹೊರಗೆ ಉಳಿದ ಪ್ಲಗ್ ಇದ್ದೂ ಇಲ್ಲದಂತೆ. ಪೂರ್ತಿ ಮೆದುಳಿನ ಬದಲು ಒಳಗಿವಿಯ ನರದ ಟಿ2 ಸೀಕ್ವೆನ್ಸ್ (ಒಂದು ಬಗೆಯ ಎಂಆರ್‌ಐ ಚಿತ್ರ) ಮಾತ್ರ ಸಾಕೇ ಅಂತ ಡಾಕ್ಟರನ್ನು ಕೇಳಿ, ಸಮಯ ತುಂಬಾ ಕಡಿಮೆಯಾಗುತ್ತದೆ.

ಮಾತ್ರೆ ವಿಷಯ: ಬರೀ ಕಿವಿಮೊರೆತಕ್ಕೆ ಬೀಟಾಹಿಸ್ಟಿನ್ ಬೇಡ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲೇ ಹೇಳಿದೆ. ಗಿಂಕ್ಗೊ, ಜಿಂಕ್ ಬೇಡ ಅಂತ ಅಮೆರಿಕದ ಇಎನ್‌ಟಿ ವೈದ್ಯರ 2014ರ ಮಾರ್ಗಸೂಚಿ. ತಲೆಸುತ್ತು ಇದ್ದರೆ ಮಾತು ಬೇರೆ. ಡಾಕ್ಟರನ್ನು ಕೇಳಿಯೇ ನಿಲ್ಲಿಸಿ, ಆ ದುಡ್ಡನ್ನು ಸಿಬಿಟಿ ಎನ್ನುವ ಮಾತುಕತೆಯ ಮನಃಚಿಕಿತ್ಸೆಗೆ ಹಾಕಿ. ಸದ್ದನ್ನಲ್ಲದಿದ್ದರೂ ಸದ್ದಿನ ಕಾಟವನ್ನು ಇಳಿಸುವುದರಲ್ಲಿ ಅತಿ ಗಟ್ಟಿ ಆಧಾರ ಇರುವುದು ಅದಕ್ಕೇ. ಕೇಳಿಸುವುದು ಸ್ವಲ್ಪ ಕಡಿಮೆ ಅಂತ ಆಡಿಯೋಗ್ರಾಮ್ ತೋರಿಸಿದರೆ ಕಿವಿ ಮುಚ್ಚದ ಓಪನ್ ಫಿಟ್ ಹಿಯರಿಂಗ್ ಏಡ್ ಟ್ರಯಲ್ ಕೇಳಿ, ಗರಿಷ್ಠ ಸದ್ದಿನ ಮಿತಿಯನ್ನು ತಗ್ಗಿಸಿಯೇ ಕೊಡಬೇಕು.

ಜಾಗ: ಬಾಂದ್ರಾ ಪಶ್ಚಿಮ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆ, ಕೇಂದ್ರ ಸರ್ಕಾರದ್ದು, ಶ್ರವಣ ಪರೀಕ್ಷೆಯೇ ಅವರ ಕೆಲಸ. ಇಲ್ಲದಿದ್ದರೆ ಪರೇಲ್‌ನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್. ಗೋವಾದಿಂದ ಇದನ್ನು ಓದುತ್ತಿರುವವರಿಗೆ ಬಾಂಬೋಲಿಮ್ ಮೆಡಿಕಲ್ ಕಾಲೇಜು.

ಡೊಂಬಿವಿಲಿ_ರಥಬೀದಿ

ದಿನವಿಡೀ ಪ್ಲಗ್ ಹಾಕುವುದನ್ನು ಮೊದಲು ಬಿಡಿಸಿ ಮಾರಾಯ್ರೆ. ಒಳಗೆ ಬರುವ ಸದ್ದು ಕಡಿಮೆಯಾದಷ್ಟೂ ಮೆದುಳು ತನ್ನ ವಾಲ್ಯೂಮ್ ಏರಿಸುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಿವಿ ಸರಿಯಿದ್ದವರಿಗೇ ಎರಡು ವಾರ ಪ್ಲಗ್ ಹಾಕಿಸಿದ್ದರು. ಅವರಿಗೆ ಸದ್ದುಗಳು ಮೊದಲಿಗಿಂತ ಜೋರಾಗಿ ಕೇಳಿಸತೊಡಗಿದವು. ಕಿವಿಯಲ್ಲಿ ಸಣ್ಣ ಸದ್ದು ಹೊರಡಿಸುವ ಸಾಧನ ಹಾಕಿದವರಿಗೆ ತದ್ವಿರುದ್ಧ. ಒಮ್ಮೆಲೇ ತೆಗೆಯಬೇಡಿ. ಮನೆಯಲ್ಲಿ ಶಾಂತ ಹೊತ್ತಿನಲ್ಲಿ ಅರ್ಧ ಗಂಟೆ, ಮುಂದಿನ ವಾರ ಇನ್ನಷ್ಟು.

ಪ್ಲಗ್ ತೆಗೆದಾಗ ಹಿನ್ನೆಲೆಗೆ ಪಿಂಕ್ ನಾಯ್ಸ್ (ಜಲಪಾತದಂಥ ಒಂದೇ ಸಮನೆ ಸದ್ದು) ಅಥವಾ ಮಳೆ ಸದ್ದು. ಇಯರ್‌ಫೋನ್ ಅಲ್ಲ, ಕೋಣೆಯ ಆಚೆ ಮೂಲೆಯಲ್ಲಿ ಸ್ಪೀಕರ್. ಮೊರೆತವನ್ನು ಮುಳುಗಿಸುವಷ್ಟು ಬೇಡ, ಅದು ಕೇಳಿಸುತ್ತಲೇ ಇರಬೇಕು. ಯೂಟ್ಯೂಬಲ್ಲಿ ಹಾಕಿದರೆ ನಡುರಾತ್ರಿ ಜಾಹೀರಾತು ಕಿರುಚಿ ಒಂದು ವಾರದ ಕೆಲಸ ನೀರುಪಾಲು. ಫೈಲ್ ಡೌನ್‌ಲೋಡ್ ಮಾಡಿ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ತೀರಾ ಚಿಕ್ಕ ಫೈಲಾದರೆ ಲೂಪ್ ಆಗುವಾಗ ನಡುವಿನ ಖಾಲಿ ಗೊತ್ತಾಗಿ ನಿದ್ದೆ ಕೆಡುತ್ತದೆ.

ಅಡುಗೆಮನೆಯಲ್ಲಿ ಸಿಂಕಿಗೆ ರಬ್ಬರ್ ಮ್ಯಾಟ್, ಮಿಕ್ಸಿಯ ಕೆಳಗೆ ಮಡಚಿದ ಟವೆಲ್ (ಗಾಳಿ ಹೋಗುವ ತೂತು ಮುಚ್ಚಬಾರದು). ಕುಕ್ಕರ್ ಮೊದಲ ವಿಸಿಲ್ ಕೊಡುವ ಮುಂಚೆಯೇ ಉರಿ ಸಣ್ಣ ಮಾಡಿ, ವಿಸಿಲ್ ಎಣಿಸುವ ಬದಲು ಗಡಿಯಾರ ನೋಡಿ. ಲೋಕಲ್‌ನಲ್ಲಿ ಎಸಿ ಗಾಡಿಯೇ ವಾಸಿ, ಬಾಗಿಲು ಮುಚ್ಚಿರುತ್ತದೆ. ಹಾರ್ನ್ ಇರುವುದು ಗಾಡಿಯ ತುದಿಯಲ್ಲಿ, ಹಾಗಾಗಿ ಪ್ಲಾಟ್‌ಫಾರಂ ಮಧ್ಯದಲ್ಲಿ ನಿಲ್ಲಬೇಕು. ಅಲ್ಲಿಗೆ ಫೋಮ್ ಬೇಡ, 15 ಡೆಸಿಬೆಲ್ ಫಿಲ್ಟರಿನ ಮ್ಯುಸಿಶಿಯನ್ ಪ್ಲಗ್ ಸಾಕು, ಮಾತು ಸ್ಪಷ್ಟವಾಗಿ ಕೇಳಿಸುತ್ತದೆ.

ಭೀಮಾತೀರ_ಹಡಪಸರ್

ಡೊಂಬಿವಿಲಿ ಅಣ್ಣಾರು ಹೇಳಿದ್ದು ಖರೆ, ಆದ್ರ ಒಂದು ಬಿಟ್ಟಾರ. ಸದ್ದು ಜೋರು ಅನ್ಸೂದು ಬ್ಯಾರೆ, ಸದ್ದಿನಿಂದ ನೋವು ಬರೂದು ಬ್ಯಾರೆ. ಚುಚ್ಚಿದಂಗ ಆಗತೈತಿ ಅಂದೀರಿ. ಆ ನೋವು ಮರುದಿನಾನೂ ಉಳೀತಿದ್ರ "ಧೈರ್ಯ ಮಾಡಿ ಹೊಂದ್ಕೋ" ಅಂತ ದಬ್ಬಬ್ಯಾಡ್ರಿ. ಹಿಂದಿನ ಹಂತಕ್ಕ ಇಳೀರಿ, ನೋವು ತಗ್ಗಿದ ಮ್ಯಾಲ ಮತ್ತ ಶುರು ಮಾಡ್ರಿ. ಪೂರಾ ನಿಲ್ಲಿಸೂದೂ ಬ್ಯಾಡ.

ಗಣಪತಿ ಹಬ್ಬದಾಗ ಪುಣೇಕ ಬರೂದಂದ್ರ ಪೇಠದಾಗಿನ (ಹಳೇ ಊರಿನ) ಮನಿ ಏನು? ಹಂಗಿದ್ರ ಈ ವರ್ಷ ಬ್ಯಾಡ. ಹಬ್ಬಕ್ಕ ವಾರಗಟ್ಟಲೆ ಮೊದಲ ಢೋಲ್-ತಾಶಾ ಪಥಕದವ್ರ ತಾಲೀಮು ನಡೀತಾವ. ಅನಂತ ಚತುರ್ದಶಿ ಮೆರವಣಿಗಿ 24 ತಾಸು ದಾಟಿದ್ದೂ ಐತಿ. ಢೋಲಿನ ದಪ್ಪ ಸದ್ದಿಗೆ ಮಫ್ ಭಾಳ ಆಗಿಬರಂಗಿಲ್ಲ, ಗ್ವಾಡಿ ದಾಟಿ ಬರತೈತಿ. ದೂರ ಹೋಗೂದೊಂದೇ ದಾರಿ, ಬಯಲಿನ್ಯಾಗ ದೂರ ಎರಡರಷ್ಟು ಆದ್ರ ಸುಮಾರು 6 ಡೆಸಿಬೆಲ್ ಇಳೀತೈತಿ.

ಮುಲುಂಡ್_ಪೂರ್ವ

ತುಂಬಾ ಉಪಕಾರ. ನಿದ್ದೆಗೆ ಅಂತ ಬೇರೊಬ್ಬ ಡಾಕ್ಟರು ಕ್ಲೋನಜೆಪಾಮ್ ಬರೆದಿದ್ದರು, ತಿಂಗಳಾಯಿತು. ಸದ್ದು ತುಸು ಕಡಿಮೆ ಅನ್ನುತ್ತಾರೆ. ಮುಂದುವರಿಸಬಹುದೇ? ಒಮ್ಮೊಮ್ಮೆ "ಹೀಗೆ ಬದುಕಿ ಏನು" ಅಂತಲೂ ಅನ್ನುತ್ತಾರೆ.

ಶ್ರವಣ_ಕೊಥ್ರೂಡ್

ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿ, ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರೇ ಬಿಡಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕ್ಲೋನಜೆಪಾಮ್ ತಾನಾಗಿ ಏರಿಸುವುದೂ ಬೇಡ, ಥಟ್ಟನೆ ನಿಲ್ಲಿಸುವುದೂ ಬೇಡ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ಬಿಟ್ಟರೆ ಮೊರೆತ, ಸದ್ದಿನ ಅಸಹನೆ ಎರಡೂ ಕೆರಳುತ್ತವೆ, ಫಿಟ್ಸ್ ಬರುವ ಅಪಾಯವೂ ಇದೆ. ಬರೆದ ಡಾಕ್ಟರಿಂದಲೇ ಹಂತಹಂತವಾಗಿ ಇಳಿಸುವ ಪಟ್ಟಿ ಬರೆಸಿಕೊಳ್ಳಿ. ಹಲ್ಲು ಕಚ್ಚಿದಾಗ, ಕತ್ತು ತಿರುಗಿಸಿದಾಗ ಮೊರೆತ ಬದಲಾಗುತ್ತದಾ ಅಂತಲೂ ನೋಡಿ. ಬದಲಾದರೆ ದವಡೆ, ಕತ್ತಿನ ಫಿಸಿಯೋಥೆರಪಿಗೂ ಚೀಟಿ ಕೇಳಿ.