ಮೈನ್‌ಕ್ರಾಫ್ಟ್: ಕೊಡಲಿಗೆ ಹೊಸ ಕಾವು ಹಾಕೋದು ಹೇಗೆ? ವಜ್ರದ ಪಿಕಾಸಿಯೂ ರಿಪೇರಿ ಆಗುತ್ತಿಲ್ಲ

ಆಲೆಮನೆ_ಹುಡುಗ (ಪಾಂಡವಪುರ):

ಅಣ್ಣಂದಿರಾ, ಸಹಾಯ ಬೇಕು. ಮೈನ್‌ಕ್ರಾಫ್ಟ್ ಆಟದ ಕಂಪ್ಯೂಟರ್ ಆವೃತ್ತಿ ಜಾವಾ ಎಡಿಷನ್, ಎಲ್ಲವನ್ನೂ ನಾವೇ ಸಂಪಾದಿಸಬೇಕಾದ ಸರ್ವೈವಲ್ ಮೋಡ್. ಎರಡು ತಿಂಗಳಿಂದ ಒಂದೇ ವರ್ಲ್ಡ್ ಆಡುತ್ತಿದ್ದೇನೆ, ದಟ್ಟ ಕಾಡಿನ ನಡುವೆ ಗುಡಿಸಲು.

ನಮ್ಮ ಮನೆಯಲ್ಲಿ ಕೊಡಲಿ ಕಾವು ಮುರಿದರೆ ಅಪ್ಪ ಜಾಲಿ ಮರದ್ದೊಂದು ಕೆತ್ತಿ ಹಾಕುತ್ತಾರೆ. ಕೊಡಲಿ ಮಾತ್ರ ತಾತನ ಕಾಲದ್ದು. ಅದೇ ಲೆಕ್ಕದಲ್ಲಿ ಆಟದಲ್ಲಿ ಸವೆದ ಕಬ್ಬಿಣದ ಕೊಡಲಿ ಜೊತೆ ಎರಡು ಸ್ಟಿಕ್ (ಕಾವಿಗೆ ಬಳಸುವ ಕಡ್ಡಿ) ಇಟ್ಟೆ. ಏನೂ ಬರಲಿಲ್ಲ. ರಿಪೇರಿ ಮಾಡುವ ಆನ್ವಿಲ್‌ನಲ್ಲೂ ಸ್ಟಿಕ್ ತಗೊಳ್ಳಲಿಲ್ಲ. ಆಮೇಲೆ ವಸ್ತು ತಯಾರಿಸುವ ಕ್ರಾಫ್ಟಿಂಗ್ ಟೇಬಲ್‌ನಲ್ಲಿ ಎರಡು ಹಳೇ ಕೊಡಲಿ ಸೇರಿಸಿದೆ, ಒಂದಾಯಿತು, ಆದರೆ ಅದರಲ್ಲಿದ್ದ ಎಫಿಶಿಯೆನ್ಸಿ (ಬೇಗ ಕಡಿಯುವ ಮಂತ್ರಶಕ್ತಿ, ಅಂದರೆ ಎನ್‌ಚಾಂಟ್‌ಮೆಂಟ್) ಹೋಯಿತು. ತುಂಬಾ ಬೇಜಾರಾಯಿತು.

ಈಗ ವಜ್ರದ ಪಿಕಾಸಿಗೂ ಅದೇ ಗತಿ. ಆನ್ವಿಲ್‌ನಲ್ಲಿ ಇಟ್ಟರೆ ‘ಟೂ ಎಕ್ಸ್‌ಪೆನ್ಸಿವ್’ ಅಂತ ಕೆಂಪಕ್ಷರ ಬರುತ್ತದೆ. ನನ್ನ ಹತ್ತಿರ ಆಟದಲ್ಲಿ ಗಳಿಸಿದ ಅನುಭವದ 45 ಲೆವೆಲ್ ಇದೆ, ಡಬ್ಬದಲ್ಲಿ ವಜ್ರವೂ ಇದೆ. ಇನ್ನೇನು ಬೇಕು ಇದಕ್ಕೆ?

ಕುಕ್ಕರಹಳ್ಳಿ_ಕೆರೆ (ಮೈಸೂರು):

ಆ ಪಿಕಾಸಿಯನ್ನು ಇದುವರೆಗೆ ಎಷ್ಟು ಸಲ ಆನ್ವಿಲ್ ಮೇಲೆ ಇಟ್ಟಿದ್ದೀರಿ? ಎನ್‌ಚಾಂಟ್‌ಮೆಂಟ್ ತುಂಬುವ ಪುಸ್ತಕ ಸೇರಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಲ ಎಷ್ಟು ವಜ್ರ ಹಾಕಿದಿರಿ, ಅದನ್ನೂ ಹೇಳಿ.

ಆಲೆಮನೆ_ಹುಡುಗ:

ನಿಧಾನ ಸವೆಯುವ ಹಾಗೆ ಮಾಡುವ ಅನ್‌ಬ್ರೇಕಿಂಗ್ ಒಂದು, ಎಫಿಶಿಯೆನ್ಸಿ ಒಂದು, ಎರಡು ಪುಸ್ತಕ. ರಿಪೇರಿ ನಾಲ್ಕು ಸಲ. ಪ್ರತಿ ಸಲ ಒಂದೇ ವಜ್ರ ಹಾಕಿದೆ, ವಜ್ರ ಉಳಿಸೋಣ ಅಂತ, ಸ್ವಲ್ಪ ಸವೆದ ತಕ್ಷಣ ಹಾಕಿಬಿಡುತ್ತಿದ್ದೆ.

ಕುಕ್ಕರಹಳ್ಳಿ_ಕೆರೆ:

ತೊಂದರೆ ಅಲ್ಲೇ ಇರೋದು. ಮೊದಲು ಪಿಕಾಸಿ ವಿಷಯ ಹೇಳುತ್ತೇನೆ.

ಆನ್ವಿಲ್ ಒಂದು ಉಪಕರಣದ ಮೇಲೆ ಎಷ್ಟು ಸಲ ಕೆಲಸ ಆಗಿದೆ ಅಂತ ನೆನಪಿಟ್ಟುಕೊಂಡು, ಪ್ರತಿ ಸಲ ಹೆಚ್ಚುವರಿ ಲೆವೆಲ್ ಕೇಳುತ್ತದೆ. ಮೊದಲ ಸಲ 0, ಆಮೇಲೆ 1, 3, 7, 15, 31, ಅದರ ನಂತರ 63. ಇದರ ಮೇಲೆ ಆ ಸಲದ ಕೆಲಸದ ಬೆಲೆ ಬೇರೆ. ಸರ್ವೈವಲ್‌ನಲ್ಲಿ ಒಟ್ಟು 40 ಆದರೆ ಮುಗಿಯಿತು, ನಿಮ್ಮ ಹತ್ತಿರ 45 ಇರಲಿ 100 ಇರಲಿ ಬಿಡುವುದಿಲ್ಲ. ನಿಮ್ಮದು ಆರು ಸಲ ಆಗಿದೆ, ಏಳನೆಯದಕ್ಕೆ 63 ಕೇಳುತ್ತಿದೆ. ಒಂದು ವಜ್ರ ಹಾಕಿದರೂ ಒಂದು ಸಲ, ನಾಲ್ಕು ಹಾಕಿದರೂ ಒಂದೇ ಸಲ. ಒಂದು ವಜ್ರ ಕಾಲು ಭಾಗ ತುಂಬುತ್ತದೆ, ಅಂದರೆ ಪೂರ್ತಿ ಆಯಸ್ಸಿನ 1561 ಪಾಯಿಂಟ್‌ನಲ್ಲಿ 390. ಹಾಗಾಗಿ ಇನ್ನೇನು ಮುರಿಯುತ್ತದೆ ಅನ್ನುವವರೆಗೆ ಬಳಸಿ, ಒಂದೇ ಏಟಿಗೆ ನಾಲ್ಕು ಹಾಕಬೇಕಿತ್ತು. ಎಷ್ಟು ಉಳಿದಿದೆ ಅಂತ ಅಂದಾಜು ಮಾಡುವುದು ಬೇಡ, ಎಫ್3 ಒತ್ತಿ ಹಿಡಿದು ಎಚ್ ಒತ್ತಿ, ಆಮೇಲೆ ಉಪಕರಣದ ಮೇಲೆ ಮೌಸ್ ಇಟ್ಟರೆ ಸಂಖ್ಯೆಯೇ ಕಾಣುತ್ತದೆ.

ಈಗ ಏನು ಮಾಡುವುದು? ಗ್ರೈಂಡ್‌ಸ್ಟೋನ್ ಮಾಡಿ, ನಮ್ಮ ಸಾಣೆಕಲ್ಲು ಅಂತಲೇ ಅಂದುಕೊಳ್ಳಿ. ಎರಡು ಸ್ಟಿಕ್, ಎರಡು ಹಲಗೆ, ಒಂದು ಸ್ಟೋನ್ ಸ್ಲ್ಯಾಬ್ ಸಾಕು. 1.14ರಲ್ಲಿ, ಅಂದರೆ 2019ರಲ್ಲಿ ಬಂದದ್ದು, ಅದಕ್ಕಿಂತ ಹಳೇ ವರ್ಷನ್ ಆಡುತ್ತಿದ್ದರೆ ಸಿಗುವುದಿಲ್ಲ. ಅದರಲ್ಲಿ ಪಿಕಾಸಿ ಇಟ್ಟರೆ ಎನ್‌ಚಾಂಟ್‌ಮೆಂಟ್ ಎಲ್ಲಾ ಹೋಗುತ್ತದೆ, ಸ್ವಲ್ಪ ಎಕ್ಸ್‌ಪಿ (ಅನುಭವದ ಅಂಕ) ವಾಪಸ್ ಬರುತ್ತದೆ, ಹಳೇ ಲೆಕ್ಕವೂ ಅಳಿಸಿ 0 ಆಗುತ್ತದೆ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಪಿಕಾಸಿ ಉಳಿಯುತ್ತದೆ. ಆಮೇಲೆ ಎನ್‌ಚಾಂಟಿಂಗ್ ಟೇಬಲ್‌ನಲ್ಲಿ ಹೊಸದಾಗಿ ಹಾಕಿಸಿ, ಟೇಬಲ್‌ನಲ್ಲಿ ಹಾಕಿದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ಆನ್ವಿಲ್ ಅನ್ನು ಮೆಂಡಿಂಗ್ (ಉಪಕರಣ ಎಕ್ಸ್‌ಪಿಯಿಂದ ತಾನೇ ರಿಪೇರಿ ಆಗುವ ಎನ್‌ಚಾಂಟ್‌ಮೆಂಟ್) ಪುಸ್ತಕಕ್ಕೆ ಮೀಸಲಿಡಿ. ಮೆಂಡಿಂಗ್ ಆ ಎನ್‌ಚಾಂಟಿಂಗ್ ಟೇಬಲ್‌ನಲ್ಲಿ ಬರುವುದಿಲ್ಲ. ಲೈಬ್ರೇರಿಯನ್ ಹಳ್ಳಿಗನ ಹತ್ತಿರ ಕೊಳ್ಳಬೇಕು, ಇಲ್ಲವೇ ತಾಳ್ಮೆಯಿಂದ ಗಾಳ ಹಾಕಿ ಕೂರಬೇಕು. ಅದು ಸಿಕ್ಕರೆ ಪಿಕಾಸಿ ಕೈಯಲ್ಲಿ ಹಿಡಿದು ಎಕ್ಸ್‌ಪಿ ಕೂಡಿಸಿದರೆ ಸಾಕು, ಒಂದು ಎಕ್ಸ್‌ಪಿಗೆ ಎರಡು ಪಾಯಿಂಟ್ ತುಂಬುತ್ತದೆ, ಆನ್ವಿಲ್ ಕಡೆ ಹೋಗುವ ಕೆಲಸವೇ ಇಲ್ಲ.

ಇನ್ನು ಕೊಡಲಿ ಕಾವು. ನಿಮ್ಮ ಯೋಚನೆ ನಿಜವಾದ ಕೊಡಲಿಗೆ ಸರಿ, ಈ ಆಟಕ್ಕಲ್ಲ. ಮಾಡುವಾಗ ಮೂರು ಕಬ್ಬಿಣ ಎರಡು ಸ್ಟಿಕ್ ಬೇಕು, ಮಾಡಿದ ಮೇಲೆ ಅದು ಒಂದೇ ವಸ್ತು. ಕಾವಿಗೆ ಬೇರೆ ಆಯಸ್ಸಿಲ್ಲ. ಮರದ್ದು 59, ಕಲ್ಲಿನದು 131, ಕಬ್ಬಿಣದ್ದು 250, ಎಲ್ಲವೂ ತಲೆಯ ಲೆಕ್ಕ. ಅದಕ್ಕೇ ಆನ್ವಿಲ್ ಕೂಡ ಕಬ್ಬಿಣದ್ದಕ್ಕೆ ಕಬ್ಬಿಣ, ಮರದ್ದಕ್ಕೆ ಹಲಗೆ ಕೇಳುತ್ತದೆ, ಸ್ಟಿಕ್ ಯಾವುದಕ್ಕೂ ಕೇಳುವುದಿಲ್ಲ. ಕ್ರಾಫ್ಟಿಂಗ್ ಟೇಬಲ್‌ನಲ್ಲಿ ಎರಡು ಸೇರಿಸಿದರೆ ಉಳಿದದ್ದೆಲ್ಲಾ ಕೂಡಿ ಮೇಲೆ ಪೂರ್ತಿ ಆಯಸ್ಸಿನ ಶೇ. 5 ಸಿಗುತ್ತದೆ. ಕಬ್ಬಿಣದ್ದರಲ್ಲಿ 100 ಮತ್ತು 60 ಇದ್ದರೆ 172 ಆಗುತ್ತದೆ. ಆದರೆ ಎನ್‌ಚಾಂಟ್ ಆಗಿರುವುದನ್ನು ಅಲ್ಲಿ ಇಡಲೇಬೇಡಿ. ಹೋದ ಎಫಿಶಿಯೆನ್ಸಿ ವಾಪಸ್ ಬರುವುದಿಲ್ಲ, ಕ್ಷಮಿಸಿ.

ನಾಲೆ_ಏರಿ (ಮದ್ದೂರು):

ಒಂದು ಮಾತು ಸೇರಿಸುತ್ತೇನೆ. ಆ ಕೊಡಲಿಯಲ್ಲೇ ಜಾಂಬಿ ಹೊಡೆಯುತ್ತೀರಾ? ಮರ ಕಡಿದರೆ ಆಯಸ್ಸಿನಲ್ಲಿ 1 ಹೋಗುತ್ತದೆ, ಜಾಂಬಿಗೆ ಹೊಡೆದರೆ 2 ಹೋಗುತ್ತದೆ. ಕತ್ತಿ ಇದರ ಉಲ್ಟಾ. ನಾನು ಕತ್ತಿ ಪ್ರತ್ಯೇಕ ಇಟ್ಟುಕೊಂಡ ಮೇಲೆ ಕೊಡಲಿ ಎಷ್ಟೋ ಜಾಸ್ತಿ ದಿನ ಬಂತು.

ಮನೆಯ ಕೊಡಲಿ ವಿಷಯ ಬಂತು ಅಂತ ಕೇಳುತ್ತೇನೆ, ನಮ್ಮದು ತಲೆ ಅಲ್ಲಾಡುತ್ತಿದೆ. ರಾತ್ರಿ ನೀರಲ್ಲಿ ನೆನೆ ಹಾಕಿದರೆ ಬಿಗಿಯಾಗುತ್ತದೆ, ಎರಡು ದಿನಕ್ಕೆ ಮತ್ತೆ ಸಡಿಲ. ಏನು ಮಾಡುತ್ತಾರೆ ನಿಮ್ಮಪ್ಪ?

ಆಲೆಮನೆ_ಹುಡುಗ:

ಅಣ್ಣ, ನೆನೆ ಹಾಕಬೇಡಿ. ಅಪ್ಪ ಬಯ್ಯುವುದೇ ಅದಕ್ಕೆ. ನೆನೆದ ಮರ ಊದಿಕೊಂಡು ಕಬ್ಬಿಣದ ತೂತಿನೊಳಗೆ ತಾನೇ ಜಜ್ಜಿಹೋಗುತ್ತದೆ, ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ಕಾವು ಚೆನ್ನಾಗಿ ಒಣಗಿರಬೇಕು, ತುದಿಯಲ್ಲಿ ಸೀಳು ಮಾಡಿ ಒಣಮರದ ಬೆಣೆ ಹೊಡೆಯಬೇಕು. ಕಾವು ಸೀಳಿದ್ದರೆ ಮಾತ್ರ ಬೆಣೆ ಸಾಲದು, ಹೊಸದೇ ಹಾಕಿ. ಅಲ್ಲಿಯವರೆಗೆ ಅದರಲ್ಲಿ ಸೌದೆ ಒಡೆಯಬೇಡಿ, ತಲೆ ಹಾರಿ ಯಾರಿಗಾದರೂ ಬಿದ್ದೀತು.

ಜಾಂಬಿಗೆ ಕೊಡಲಿಯಲ್ಲೇ ಹೊಡೆಯುತ್ತಿದ್ದೆ, ಹೌದು.

ಕುಕ್ಕರಹಳ್ಳಿ ಅಣ್ಣ, ಗ್ರೈಂಡ್‌ಸ್ಟೋನ್ ಮಾಡಿ ಪಿಕಾಸಿ ಇಟ್ಟೆ, ನೀವು ಹೇಳಿದ ಹಾಗೇ ಆಯಿತು. ಟೇಬಲ್‌ನಲ್ಲಿ ಅನ್‌ಬ್ರೇಕಿಂಗ್ 3 ಬಂತು. ನದಿ ಆಚೆ ಹಳ್ಳಿಯಲ್ಲಿ ಲೈಬ್ರೇರಿಯನ್ ಇದ್ದಾನೆ, ಆದರೆ ಬೇರೆ ಪುಸ್ತಕ ಮಾರುತ್ತಿದ್ದಾನೆ. ಅವನ ಪುಸ್ತಕ ಬದಲಾಯಿಸಬಹುದಾ?

ಕುಕ್ಕರಹಳ್ಳಿ_ಕೆರೆ:

ಅವನ ಹತ್ತಿರ ಇನ್ನೂ ಒಂದು ಸಲವೂ ವ್ಯಾಪಾರ ಮಾಡಿಲ್ಲ ಅಂದರೆ ಬದಲಾಯಿಸಬಹುದು. ಅವನ ಲೆಕ್ಟರ್ನ್ (ಅವನು ಕೆಲಸಕ್ಕೆ ಬಳಸುವ ಪುಸ್ತಕದ ಪೀಠ) ಒಡೆದು ಮತ್ತೆ ಇಡಿ, ಕೆಲಸ ಬಿಟ್ಟು ಮತ್ತೆ ಸೇರಿದಾಗ ಹೊಸ ಪಟ್ಟಿ ತರುತ್ತಾನೆ. ಮೆಂಡಿಂಗ್ ಕಂಡ ತಕ್ಷಣ ಒಂದು ವ್ಯಾಪಾರ ಮಾಡಿಬಿಡಿ, ಪಟ್ಟಿ ಹಾಗೇ ನಿಲ್ಲುತ್ತದೆ. ಕೊಡಲಿಯಲ್ಲೇ ಲೆಕ್ಟರ್ನ್ ಒಡೆಯಿರಿ, ಬೇಗ ಆಗುತ್ತದೆ.