ಸಹಾಯ ಬೇಕು: ಅಜ್ಜನ ಪಾಪರ್ (ದಿವಾಳಿ) ಕೇಸಿನ ಹಳೇ ಫೈಲ್ ಹುಡುಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ನಮ್ಮ ಅಜ್ಜ ಅಡಿಕೆ ವ್ಯಾಪಾರದಲ್ಲಿ ಸೋತು 1981ರಲ್ಲಿ ಶಿವಮೊಗ್ಗದ ಕೋರ್ಟಿನಲ್ಲಿ ಪಾಪರ್ ಅರ್ಜಿ ಹಾಕಿದ್ದರು. ಸಾಲವೆಲ್ಲ ತೀರಿತ್ತು ಅಂತ ಅಪ್ಪ ಹೇಳುತ್ತಾರೆ, ಕಾಗದ ಮಾತ್ರ ಇಲ್ಲ. ಈಗ ತೋಟ ಪಾಲು ಮಾಡಲು ಹೊರಟರೆ ವಕೀಲರು ಆ ಕೇಸಿನ ಆದೇಶದ ನಕಲು ಕೇಳುತ್ತಿದ್ದಾರೆ. ದಿವಾಳಿ ಅಂತ ಘೋಷಣೆ ಆದರೆ ಆಸ್ತಿ ಕೋರ್ಟು ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದವರು) ಕೈಗೆ ಹೋಗುತ್ತದೆ. ಅದು ವಾಪಸ್ ಬಂದಿದ್ದಕ್ಕೆ ದಾಖಲೆ ಬೇಕಲ್ವಾ?

ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದೇ ನೋಟಿಸ್. ಗುಂಡುಪಿನ್ನಿನ ತುಕ್ಕು ಹಿಡಿದಿದೆ, ಮಳೆಗಾಲದ ತೇವಕ್ಕೆ ಶಾಯಿ ಹರಡಿದೆ. ‘ಐ.ಪಿ. ನಂ. 1’ (ಐ.ಪಿ. ಅಂದರೆ ದಿವಾಳಿ ಅರ್ಜಿ) ಅನ್ನುವವರೆಗೆ ಓದಬಹುದು. ಮುಂದಿನ ಅಂಕಿಯನ್ನು ಗೆದ್ದಲು ತಿಂದಿದೆ.

ಕೋರ್ಟ್ ಕೇಸುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಹುಡುಕಿದೆ, ಬರಲಿಲ್ಲ. ಎನ್‌ಸಿಎಲ್‌ಟಿ ನೋಡಿ ಅಂದರು ಒಬ್ಬರು. ಅದು ಕಂಪನಿಗಳ ದಿವಾಳಿ ನೋಡುವ ಜಾಗ, ನಮ್ಮದು ವ್ಯಕ್ತಿಗಳ ದಿವಾಳಿಗೆ ಇರುವ 1920ರ ಕಾಯ್ದೆಯ ಕೇಸು. ಆ ಕಾಯ್ದೆ ಪ್ರಕಾರ ಘೋಷಣೆ ಗೆಜೆಟ್‌ನಲ್ಲೂ ಬರಬೇಕು.

ನಂಬರ್ ಪೂರ್ತಿ ಇಲ್ಲದೆ ನಕಲಿಗೆ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ? ರೆಕಾರ್ಡ್ ರೂಮಿನಲ್ಲಿ ಆ ವರ್ಷದ ರಿಜಿಸ್ಟರ್ ನೋಡಲು ಬಿಡುತ್ತಾರಾ? ಹಳೇ ಗೆಜೆಟ್ ಶಿವಮೊಗ್ಗದಲ್ಲೇ ಸಿಗುತ್ತದಾ? ಅಪ್ಪನಿಗೆ 78. ಅವರಿದ್ದಾಗಲೇ ಇದು ಬಗೆಹರಿಯಬೇಕು. ತಿಳಿದವರು ದಯವಿಟ್ಟು ಹೇಳಿ.